ಜೆಸಿಬಿಯವನು ಕೇಳಿದ ಡೆತ್ ಮೆಟಲ್

ಭರಮ ಎಂಬ ಶಿಷ್ಯ ಡೊಳ್ಳಿನ ಗುರು ಮೈಲಾರಿಯನ್ನು ಕೇಳಿದ: "ಗುರುಗಳೇ, ಕಿವಿಗೆ ಹಿಡಿಸದ್ದನ್ನೂ ಮತ್ತೆ ಮತ್ತೆ ಕೇಳು ಅಂತೀರಿ. ಹಿಡಿಸದ ಮ್ಯಾಲೆ ಯಾಕೆ ಕೇಳಬೇಕು?"

ಗುರುವಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಆದರೆ ತನ್ನ ಕಿವಿಯ ಬಗ್ಗೆ ಅವನಿಗೆ ಯಾವ ಅನುಮಾನವೂ ಇರಲಿಲ್ಲ. ಅವನು ಹೇಳತೊಡಗಿದ:

ಈಗ ಹೇಳುವುದನ್ನು ನೀನು ನಂಬುವುದಿಲ್ಲ. ನಂಬಬೇಡ, ನನಗೇನೂ ನಷ್ಟವಿಲ್ಲ. ಪೆಟ್ಟು ಕೇಳಿಯೇ ಡೊಳ್ಳು ಬಡಿದವನ ಹೆಸರು ಹೇಳುವವನು ಈ ಸೀಮೆಯಲ್ಲಿ ನಾನೊಬ್ಬನೇ. ಯಾವ ಸದ್ದು ಸುಳ್ಳು, ಯಾವುದು ನಿಜ ಎಂದು ನನಗೆ ಗೊತ್ತು.

ಜೆಸಿಬಿ ಓಡಿಸುವವನೊಬ್ಬನಿದ್ದ. ಅವನಿಗೊಬ್ಬ ತಮ್ಮ. ಆ ತಮ್ಮನಿಗೆ ಒಂದು ಇಂಗ್ಲಿಷ್ ಹಾಡಿನ ಆಲ್ಬಂ ಮೇಲೆ ಪ್ರಾಣ. ಅದು ಗಿಟಾರು, ಡ್ರಮ್ಮುಗಳು ಕಿವಿಗಡಚಿಕ್ಕುವ ಡೆತ್ ಮೆಟಲ್ ಎಂಬ ಜಾತಿಯದು. ಅದರಲ್ಲೂ ನಡುನಡುವೆ ತಾಳ ಬದಲಿಸುತ್ತ ಒಂದೊಂದು ಹಾಡನ್ನೂ ಮಾರುದ್ದ ಎಳೆಯುವ ಬಗೆ. ಹಾಡುವವನು ಹಾಡುವುದಿಲ್ಲ, ಗುಟುರು ಹಾಕುತ್ತಾನೆ.

"ಏನಲೇ ಇದು, ಕೋಣದ ಗಂಟಲು ಕೆಟ್ಟೈತೇನು?" ಅಂದ ಅಣ್ಣ.

"ನಾಲ್ಕು ದಿನ ಕೇಳಣ್ಣಾ, ಹಿಡಸ್ತೈತಿ."

"ಅದು ಹಿಡಿಸೂ ಹೊತ್ತಿಗೆ ನನ್ನ ಹಲ್ಲು ಉದುರಿರ್ತಾವ."

ಆ ಮಳೆಗಾಲದಲ್ಲಿ ತಮ್ಮ ಜ್ವರ ಎದೆಗಿಳಿದು ಆಸ್ಪತ್ರೆಯಲ್ಲಿ ಸತ್ತ. ಬೇರೆಯವರು ತೋಡಿದರೆ ಗುಂಡಿಯ ಅಂಚು ಸಮ ಬರುವುದಿಲ್ಲವೆಂದು ಅಣ್ಣನೇ ಯಂತ್ರ ತಂದು ತೋಡಿದ, ತಾನೇ ಮಣ್ಣು ಮುಚ್ಚಿದ. ಕಣ್ಣು ಒದ್ದೆಯಾಗಲಿಲ್ಲ. ಗಂಡಸು ಅಂದರೆ ಇವನು ಎಂದು ಊರವರು ಹೊಗಳಿದರು. ಅವನೂ ಎದೆ ಉಬ್ಬಿಸಿದ. ಆದರೆ ತಿಂಗಳುಗಳು ಕಳೆದರೂ, ತಮ್ಮನ ಅಂಗಿ ಕಂಡರೂ, ಒಳಗೆ ಏನೂ ಆಗುತ್ತಿರಲಿಲ್ಲ. ಊಟ ಸೇರುತ್ತಿತ್ತು, ನಿದ್ದೆ ಬರುತ್ತಿತ್ತು. ತಾಯಿ ಬಡಿಸುವಾಗ ಅವನ ಮುಖ ನೋಡುವುದನ್ನು ಬಿಟ್ಟಳು. ತಾನು ಮನುಷ್ಯನೇ ಅಲ್ಲವೇನೋ ಎಂಬ ಭಯ ಅವನನ್ನು ಹಿಡಿಯಿತು.

ಆ ಆಲ್ಬಂ ಇದ್ದ ತಮ್ಮನ ಪೆನ್ ಡ್ರೈವ್ ಒಯ್ದು ಯಂತ್ರದ ಕ್ಯಾಬಿನ್ನಿನಲ್ಲಿ ಹಾಕಿದ. ಇದರಲ್ಲಾದರೂ ತಮ್ಮ ಸಿಕ್ಕಾನು ಎಂದುಕೊಂಡ. ಮೊದಲ ಹಾಡು ಶುರುವಾದದ್ದೇ, ಗೇರ್ ಬಾಕ್ಸ್ ಹೋಯಿತೆಂದು ಕೆಳಗಿಳಿದು ಬಾನೆಟ್ ಎತ್ತಿ ನೋಡಿದ. ಕೂಲಿಯವರು ನಕ್ಕರು.

ಆದರೂ ಆರಿಸಲಿಲ್ಲ. ಕೆರೆಯ ಹೂಳೆತ್ತುತ್ತ ದಿನವೂ ಕೇಳಿದ. ಮೊದಮೊದಲು ತಲೆ ಸಿಡಿಯುತ್ತಿತ್ತು. ಬೇಸಿಗೆಯ ಹೊತ್ತಿಗೆ ತಾಳ ಸಿಕ್ಕಿತು: ಏಳು ಎಣಿಕೆ, ಆಮೇಲೆ ಐದಕ್ಕೆ ಕುಸಿತ. ಮಣ್ಣು ತುಂಬಿದ ಬಕೆಟ್ ಆ ಎಣಿಕೆಗೇ ಏಳತೊಡಗಿತು. ಮರುವರ್ಷ ಗುಟುರಿನ ಅಡಿಯಲ್ಲಿ ಸಣ್ಣಗೆ ಒಂದು ಗಿಟಾರ್ ಕೇಳಿಸಿತು. ಹಾಡುಗಳು ಹಿಡಿಸಿದವು, ಇಂಥದ್ದು ನಿಮಗೆಲ್ಲಿ ತಿಳಿಯಬೇಕು ಎಂದು ಕೂಲಿಯವರ ಮುಂದೆ ಕೊಚ್ಚಿಕೊಂಡ. ಅಳು ಮಾತ್ರ ಬರಲಿಲ್ಲ.

ಒಂದು ಮಧ್ಯಾಹ್ನ ಕೆರೆಯಂಗಳದ ನಡುವೆ ಡೀಸೆಲ್ ಮುಗಿದು ಎಂಜಿನ್ ನಿಂತಿತು. ಹಾಡು ಬ್ಯಾಟರಿಯ ಮೇಲೆ ಓಡುತ್ತಲೇ ಇತ್ತು. ಅಷ್ಟು ದಿನವೂ ಅವನು ಎಂಜಿನ್ನಿನ ಸದ್ದಿನೊಳಗೇ ಕೇಳಿದ್ದ. ಈಗ, ಪ್ರತಿ ಗುಟುರಿಗೂ ಮುಂಚೆ, ಹಾಡುವವನು ಉಸಿರೆಳೆದುಕೊಳ್ಳುವುದು ಕೇಳಿಸಿತು. ಅವಸರದ ಉಸಿರು, ಎಷ್ಟೆಳೆದರೂ ಸಾಲದ ಉಸಿರು. ಆಸ್ಪತ್ರೆಯಲ್ಲಿ ತಮ್ಮನ ಮಂಚದ ಪಕ್ಕ ಕುಳಿತು ಅವನು ಕೇಳಿದ್ದು ಅದನ್ನೇ.

ಕೂಲಿಯವರು ಊಟಕ್ಕೆ ಕರೆದರು. ಅವನು ಇಳಿಯಲಿಲ್ಲ. ಒಬ್ಬ ಹತ್ತಿ ಬಾಗಿಲು ತೆರೆದು ನೋಡಿದ. ಹೆಗಲ ಮೇಲಿನ ಟವೆಲ್ ಅವನ ಕೈಗಿಟ್ಟು, ಬಾಗಿಲು ಮುಚ್ಚಿ ಇಳಿದು ಬಂದ.

ಭರಮ ಕೇಳಿದ: "ಅಷ್ಟು ಕೇಳಿದ್ದಕ್ಕೆ ಕಡೀಕೆ ಅವನಿಗೆ ಸಿಕ್ಕಿದ್ದೇನು, ಗುರುಗಳೇ?"

ಗುರು ಹೇಳಿದ: "ತಮ್ಮ ಸತ್ತ ಸುದ್ದಿ."