ದೊರೆ ಬಂದರೆ ಹತ್ತು ಗಂಟೆ

ಹೊನ್ನಗುಡ್ಡದ ಅರಮನೆಯಲ್ಲಿ ನಾನು ದುಬಾಷಿ. ಸಾಹೇಬರ ಮಾತನ್ನು ದೊರೆಗೆ, ದೊರೆಯ ಮಾತನ್ನು ಸಾಹೇಬರಿಗೆ ಮುಟ್ಟಿಸುವ ಕೆಲಸ. ನನಗೆ ಬರುತ್ತಿದ್ದ ಇಂಗ್ಲಿಷ್ ಪದಗಳು ಒಟ್ಟು ನಲವತ್ತು. ಹಾಳೂರಿಗೆ ಉಳಿದವನೇ ಗೌಡ ಎಂಬಂತೆ ಅಷ್ಟಕ್ಕೇ ಪಂಡಿತನೆನಿಸಿಕೊಂಡಿದ್ದೆ.

ಒಂದು ದಿನ ಬ್ರಿಟಿಷ್ ಸರ್ಕಾರದ ಪ್ರತಿನಿಧಿಯಾದ ರೆಸಿಡೆಂಟ್ ಸಾಹೇಬರ ಪತ್ರ ಬಂತು. ನಾಳೆ ಹತ್ತು ಗಂಟೆಗೆ ಬರುತ್ತೇನೆ, ದೊರೆಗಳು ಪಂಕ್ಚುಯಲ್ ಆಗಿರಬೇಕು ಎಂದು ಬರೆದಿದ್ದರು.

“ಏನದು ಪಂಕ್ಚುಯಲ್?” ದೊರೆ ಸೋಮಪ್ಪನಾಯಕರು ಮೀಸೆ ತಿರುವಿದರು. “ನಮ್ಮ ದುಬಾಷಿಗೆ ಗೊತ್ತಿಲ್ಲದ ಪದವೇ ಇಲ್ಲ! ಅರ್ಥ, ಮೂಲ, ಪ್ರಯೋಗ, ಮೂರನ್ನೂ ಹೇಳಯ್ಯ ಶೇಷಪ್ಪ. ನಮಗೆ ಬೇಸರವಾಗದ ಹಾಗೆ ಹೇಳು. ಹಿಂದಿನ ದುಬಾಷಿ ಎಲ್ಲಿದ್ದಾನೆ, ಗೊತ್ತಲ್ಲ?”

ಗೊತ್ತಿತ್ತು. ಆನೆ ತೊಳೆಯುತ್ತಿದ್ದ.

ದುರದೃಷ್ಟಕ್ಕೆ ಆ ಪದವೂ ಗೊತ್ತಿತ್ತು. ಪಾದ್ರಿಗಳ ಶಾಲೆಗೆ ದಿನಾ ತಡವಾಗಿ ಹೋಗಿ, ಬೆತ್ತದೇಟು ತಿಂದು ಕಲಿತ ಪದ. ಆದರೆ ನಮ್ಮ ದೊರೆ ಏಳುತ್ತಿದ್ದುದೇ ನಡುಮಧ್ಯಾಹ್ನ. ಅವರು ಸಭೆಗೆ ಕಾಲಿಟ್ಟ ಮೇಲೆಯೇ ಗಂಟೆಯವನು ಹತ್ತು ಹೊಡೆಯಬೇಕೆಂಬುದು ಅರಮನೆಯ ಪದ್ಧತಿ. ಇಡೀ ಊರು ಆ ಗಂಟೆಯನ್ನೇ ನಂಬಿತ್ತು. ನಿಜ ಹೇಳಿದರೆ ನನಗೂ ಆನೆಯೇ ಗತಿ.

“ಪ್ರಭು, ಮೂಲ ಲ್ಯಾಟಿನ್. ಅಲ್ಲಿ ಚುಕ್ಕಿ ಅಂತ ಅರ್ಥ. ಹೇಳಿದ ಹೊತ್ತಿನ ಚುಕ್ಕಿಯ ಮೇಲೇ ಬಂದು ನಿಲ್ಲುವವನು ಪಂಕ್ಚುಯಲ್. ತಮ್ಮಷ್ಟು ಪಂಕ್ಚುಯಲ್ ಯಾರಿದ್ದಾರೆ? ತಾವು ಬಂದಾಗ ಹತ್ತು ಹೊಡೆಯದ ದಿನವೇ ಇಲ್ಲ!”

ದೊರೆ ಹಿಗ್ಗಿದರು.

“ಒಂದೇ ಚಿಂತೆ. ಸಾಹೇಬರ ಜೇಬಿನಲ್ಲೊಂದು ಗಡಿಯಾರವಿದೆ. ಮಹಾ ಒರಟು. ತಾವು ಏಳೋವರೆಗೂ ಕಾಯೋದಿಲ್ಲ.”

ದೊರೆ ನನ್ನನ್ನೇ ದಿಟ್ಟಿಸಿ, ಆಮೇಲೆ ಮೀಸೆಯಡಿ ನಕ್ಕರು. “ಆ ಒರಟು ಗಡಿಯಾರಕ್ಕೆ ನಾಳೆ ಬುದ್ಧಿ ಕಲಿಸ್ತೀವಿ. ಸರಿ, ಪ್ರಯೋಗ ಎಲ್ಲಿ?”

“ಅದು ನಾಳೆ, ಪ್ರಭು,” ಎಂದೆ. ಇಂಗ್ಲಿಷಿನಲ್ಲಿ ಒಂದು ವಾಕ್ಯ ಕಟ್ಟಲು ನನಗೆ ಒಂದು ದಿನ ಬೇಕಿತ್ತು.

ಮರುದಿನ ಸಾಹೇಬರ ಗಡಿಯಾರದಲ್ಲಿ ಹತ್ತಾದಾಗ ದೊರೆ ಸಿಂಹಾಸನದ ಮೇಲಿದ್ದರು. ಗಂಟೆ ಮೊಳಗಿತು. ನಾನು? ಮನೆಯಲ್ಲಿ ಮೈತುಂಬ ಎಣ್ಣೆ ಹಚ್ಚಿಕೊಂಡು ಕೂತಿದ್ದೆ! ಹನ್ನೆರಡು ವರ್ಷದ ಅಭ್ಯಾಸ, ಹತ್ತಕ್ಕೆ ಇನ್ನೂ ಬೇಕಾದಷ್ಟು ಹೊತ್ತಿದೆ ಎಂದುಕೊಂಡಿದ್ದೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ.

ಎಣ್ಣೆ ಸುರಿಸಿಕೊಂಡೇ ಓಡಿದೆ.

“ಶೇಷಪ್ಪ!” ದೊರೆ ಗುಡುಗಿದರು. “ಅರ್ಧ ಗಂಟೆಯಿಂದ ನಾವು ಸಾಹೇಬರ ಮುಖ, ಸಾಹೇಬರು ನಮ್ಮ ಮುಖ ನೋಡ್ತಾ ಕೂತಿದ್ದೀವಿ. ಆನೆ ತೊಳೀತೀಯಾ?”

“ಪ್ರಯೋಗ ಬಾಕಿಯಿತ್ತಲ್ಲ, ಪ್ರಭು,” ಎಂದೆ ಏದುಸಿರು ಬಿಡುತ್ತ. “‘ದೊರೆ ಪಂಕ್ಚುಯಲ್, ದುಬಾಷಿ ಅಲ್ಲ.’ ನಾನೂ ಹೊತ್ತಿಗೆ ಸರಿಯಾಗಿ ಬಂದಿದ್ದರೆ ಈ ವಾಕ್ಯ ಸುಳ್ಳಾಗ್ತಿತ್ತು!”

ದೊರೆ ಹೊಟ್ಟೆ ಹಿಡಿದು ನಕ್ಕು, ನನಗೂ ಒಂದು ಜೇಬುಗಡಿಯಾರ ಕೊಡಿಸಿದರು. ಅದರಲ್ಲಿ ಗಂಟೆ ನೋಡುವುದನ್ನು ಮಾತ್ರ ನಾನಿನ್ನೂ ಕಲಿಯಬೇಕು.