ಸುತ್ತು ಮುಗಿಯದ ರೊಟ್ಟಿ

“ಗುರುಗಳೇ, ಪಾಪದಲ್ಲಿ ಬಿದ್ದುಹೋದ ಬೋಧಕನ ಕೈಯಿಂದ ಬಂದ ರೊಟ್ಟಿಯಲ್ಲಿ ಕರ್ತನಾದ ಕ್ರಿಸ್ತನು ಇರುತ್ತಾನೆಯೇ?”

ಕೇಳಿದವನು ಹೊಸ ಶಿಷ್ಯ. ಕೇಳಿ ಸುಮ್ಮನಿರಲಿಲ್ಲ. ಹಿಂದಿನ ಕಾಲದಲ್ಲಿ ಸಭೆಗಳು ಈ ಒಂದು ಮಾತಿಗೆ ಒಡೆದು ಎರಡಾದದ್ದನ್ನು ವಿವರಿಸಿದ. ಕೈ ಕೆಟ್ಟರೂ ಕೊಡುಗೆ ಕೆಡುವುದಿಲ್ಲ ಎಂದವರ ವಾದವನ್ನು ಹೇಳಿದ. ಕೈಯೇ ಕೆಟ್ಟ ಮೇಲೆ ಕೊಡುವುದಕ್ಕೆ ಅದರಲ್ಲಿ ಏನು ಉಳಿದಿದೆ ಎಂದವರ ವಾದವನ್ನೂ ಹೇಳಿದ.

“ಎರಡೂ ಕಡೆಯದನ್ನು ಅರೆದು ಕುಡಿದಿದ್ದೇನೆ. ಇದರಲ್ಲಿ ನನ್ನ ಎದುರು ನಿಂತು ಮಾತಾಡುವವರು ಸುತ್ತ ಹತ್ತೂರಲ್ಲಿ ಇಲ್ಲ. ಎರಡನೆಯವರದೇ ಸರಿ. ನಮ್ಮೂರ ಸಭೆಯಲ್ಲೂ ಅಂಥ ಬೋಧಕನೊಬ್ಬನಿದ್ದಾನೆ. ನಾನು ಅಲ್ಲಿಗೆ ಹೋಗುವುದನ್ನು ಬಿಟ್ಟೆ. ನಾಲ್ಕಾರು ಮನೆಯವರನ್ನೂ ಬಿಡಿಸಿದೆ. ಆದರೂ ನಿಮ್ಮ ಬಾಯಿಂದ ಒಂದು ಸಲ ಕೇಳಿಬಿಡೋಣ ಅಂತ ಬಂದೆ.”

“ಅಷ್ಟು ದೂರದಿಂದ ನನ್ನನ್ನು ಪರೀಕ್ಷೆ ಮಾಡಲು ಬಂದೆಯೇನಪ್ಪ?” ಎಂದು ಗುರುಗಳು ನಕ್ಕರು. “ಕುಳಿತುಕೋ. ಒಂದು ಕತೆ ಹೇಳುತ್ತೇನೆ. ಆಮೇಲೆ ನೀನೇ ನನಗೆ ಪಾಠ ಹೇಳುವಿಯಂತೆ.”

ಶಿಷ್ಯ ಕುಳಿತ. ಗುರುಗಳು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ನೇಕಾರನಿದ್ದ. ಆ ಊರಿನಲ್ಲಿ ಕ್ರಿಸ್ತನನ್ನು ನಂಬಿದ ಮನೆಗಳು ಕೆಲವೇ. ಅವರಿಗೆ ಮಣ್ಣಿನ ಗೋಡೆಯ ಒಂದು ಪ್ರಾರ್ಥನೆಯ ಮನೆ, ಒಬ್ಬ ಬೋಧಕ, ಒಂದು ಪವಿತ್ರ ಗ್ರಂಥ. ಗ್ರಂಥ ಒಂದೇ ಆದ್ದರಿಂದ ನೇಕಾರ ಅದನ್ನು ಬಾಯಿಪಾಠ ಮಾಡಿದ್ದ. ಲಾಳಿ ಆ ಕಡೆ ಹೋಗುವಾಗ ಒಂದು ಮಾತು, ಈ ಕಡೆ ಬರುವಾಗ ಇನ್ನೊಂದು ಮಾತು. ಒಂದು ಸೀರೆ ಮಗ್ಗದಿಂದ ಇಳಿಯುವುದರೊಳಗೆ ಕ್ರಿಸ್ತನು ಕಳಿಸಿದ ಅಪೊಸ್ತಲರು ಸಭೆಗಳಿಗೆ ಬರೆದ ಒಂದು ಪತ್ರಿಕೆ ಅವನ ನಾಲಿಗೆಗೆ ಇಳಿದಿರುತ್ತಿತ್ತು. ನೇಯ್ದ ಸೀರೆಯ ಮೇಲೆ ಕಣ್ಣು ಮುಚ್ಚಿ ಅಂಗೈ ಆಡಿಸಿದರೆ ತುಂಡಾದ ಎಳೆ ಎಲ್ಲಿದೆ ಎಂದು ಹೇಳಬಲ್ಲವನಾಗಿದ್ದ. ಅವನ ಮಾತಿಗೆ ಊರಲ್ಲಿ ಬೆಲೆ ಇತ್ತು. ಅದು ಅವನಿಗೂ ಗೊತ್ತಿತ್ತು.

ಆ ಸಭೆಗೆ ಒಂದು ಕಟ್ಟಳೆ ಇತ್ತು. ಕ್ರಿಸ್ತನ ನೆನಪಿಗೆ ರೊಟ್ಟಿ ಹಂಚಿಕೊಳ್ಳುವ ಕರ್ತನ ಭೋಜನದ ದಿನ ಎಲ್ಲರೂ ವೃತ್ತವಾಗಿ ನಿಲ್ಲುತ್ತಿದ್ದರು. ಬೋಧಕ ರೊಟ್ಟಿಯಿಂದ ಒಂದು ಚೂರು ಮುರಿದು ಬಲಗಡೆಯವನ ಅಂಗೈಗೆ ಹಾಕಿ, ಉಳಿದ ರೊಟ್ಟಿಯನ್ನೂ ಅವನಿಗೇ ಕೊಡುತ್ತಿದ್ದ. ಅವನು ತನ್ನ ಪಕ್ಕದವನಿಗೆ ಮುರಿದು ಕೊಡಬೇಕು. ಹೀಗೆ ರೊಟ್ಟಿ ಕೈಯಿಂದ ಕೈಗೆ ಸುತ್ತುತ್ತಿತ್ತು. ಕೊನೆಗೆ ಬಾಗಿಲ ಬಳಿ ನಿಂತವರು ಯಾರೋ ಅವರು ಬೋಧಕನಿಗೆ ಮುರಿದು ಕೊಡಬೇಕು. ತನ್ನ ಚೂರನ್ನು ತಾನೇ ಮುರಿದುಕೊಳ್ಳುವ ಹಕ್ಕು ಯಾರಿಗೂ ಇರಲಿಲ್ಲ, ಬೋಧಕನಿಗೂ ಇರಲಿಲ್ಲ. ಸುತ್ತು ಮುಗಿಯುವ ತನಕ ಯಾರೂ ತಿನ್ನುವಂತಿಲ್ಲ. ಮುಗಿದ ಮೇಲೆ ಎಲ್ಲರೂ ಒಟ್ಟಿಗೆ ತಿಂದು ಒಂದು ಹಾಡು ಹೇಳುತ್ತಿದ್ದರು. ಈ ಕಟ್ಟಳೆಯನ್ನು ಎಲ್ಲರಿಗಿಂತ ಬಿಗಿಯಾಗಿ ಕಾಯುತ್ತಿದ್ದವನು ನೇಕಾರ. ಹಸಿವಿಗೆ ಒಂದು ಮಗು ಮುಂಚೆಯೇ ಬಾಯಿಗೆ ಹಾಕಿಕೊಂಡರೂ ಗದರುತ್ತಿದ್ದ.

ಹೀಗಿರುವಾಗ ಆ ಸೀಮೆಯ ದೊರೆಗೆ ಇವರ ಮೇಲೆ ಸಿಟ್ಟು ಬಂತು. ಗ್ರಂಥವನ್ನು ಹುಡುಕಿ ಸುಟ್ಟು ಬನ್ನಿ ಎಂದು ಆಳುಗಳನ್ನು ಕಳಿಸಿದ. ಆಳುಗಳು ಬಂದಾಗ ಬೋಧಕ ಗ್ರಂಥದೊಂದಿಗೆ ಹುಲ್ಲಿನ ಬಣವೆಯಲ್ಲಿ ಅಡಗಿದ್ದ. ನೇಕಾರ ಮಾತ್ರ ಅಡಗಲಿಲ್ಲ. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಲೇ ಕುಳಿತಿದ್ದ.

ಆಳುಗಳು ಅವನನ್ನು ಬೀದಿಗೆ ಎಳೆದು ತಂದರು. ಗ್ರಂಥ ಎಲ್ಲಿ ಎಂದು ಕೇಳಿದರು. ಅವನಿಗೆ ಗೊತ್ತಿತ್ತು. ಹೇಳಲಿಲ್ಲ. ಬಲಗೈಯ ಒಂದು ಬೆರಳನ್ನು ಮುರಿದರು. ಕೂಗಿದ. ಹೇಳಲಿಲ್ಲ. ಇನ್ನೊಂದನ್ನು ಮುರಿದರು. ಆಗಲೂ ಕೂಗಿದ. ಆಗಲೂ ಹೇಳಲಿಲ್ಲ. ಮತ್ತೊಂದನ್ನು ಹಿಡಿದಾಗ ಬೋಧಕ ಬಣವೆಯಿಂದ ಎದ್ದು ಬಂದ. ಎದೆಗೆ ಅವಚಿಕೊಂಡಿದ್ದ ಗ್ರಂಥವನ್ನು ಆಳುಗಳ ಕೈಯಲ್ಲಿಟ್ಟು, “ಅವನನ್ನು ಬಿಟ್ಟುಬಿಡಿ” ಎಂದ. ಅವರು ನೇಕಾರನನ್ನು ಬಿಟ್ಟರು. ಗ್ರಂಥವನ್ನು ಅವನ ಕಣ್ಣೆದುರೇ ಸುಟ್ಟರು.

ದೊರೆಯ ಸಿಟ್ಟು ಬಂದ ಹಾಗೆಯೇ ಹೋಯಿತು. ಸಭೆ ಮತ್ತೆ ಸೇರಿತು. ಬೋಧಕ ಎಲ್ಲರ ಮುಂದೆ ನಿಂತು ಅತ್ತ. ತಾನು ಮಾಡಿದ್ದನ್ನು ಮುಚ್ಚಿಡದೆ ಹೇಳಿಕೊಂಡ. ಜನರೂ ಅತ್ತರು. ಆಮೇಲೆ ರೊಟ್ಟಿ ಮುರಿದು ಬಲಗಡೆಗೆ ತಿರುಗಿದ. ಬಲಗಡೆ ನಿಂತಿದ್ದವನು ನೇಕಾರ. ಅವನು ಅಂಗೈ ಚಾಚಲಿಲ್ಲ.

“ಅಯ್ಯನವರೇ, ಗ್ರಂಥ ಕೊಟ್ಟದ್ದು ಇದೇ ಕೈ ಅಲ್ಲವೇ?”

“ಇದೇ ಕೈ, ಅಪ್ಪಾ. ನಿನ್ನ ಕೂಗು ನನ್ನಿಂದ ಕೇಳಲಾಗಲಿಲ್ಲ.”

“ನಾನು ಕೂಗಿದ್ದು ಹೌದು. ಕೊಟ್ಟುಬಿಡಿ ಎಂದು ಕೂಗಲಿಲ್ಲ.”

ಬೋಧಕ ತಲೆ ತಗ್ಗಿಸಿದ. “ನನ್ನ ಮೇಲಿನ ಸಿಟ್ಟನ್ನು ನನ್ನ ಮೇಲೆಯೇ ಇಟ್ಟುಕೋ. ರೊಟ್ಟಿ ನನ್ನದಲ್ಲ.”

“ಒಡೆದ ಗಡಿಗೆಗೆ ಹಾಲು ಹೊಯ್ದು, ಹಾಲು ನನ್ನದಲ್ಲ ಅಂದುಬಿಟ್ಟರೆ ಆಯಿತೇ?” ಎಂದು ನೇಕಾರ ಹೊರಗೆ ನಡೆದ.

ಅವನ ಸೊಟ್ಟ ಬೆರಳುಗಳನ್ನು ನೋಡಿ ಹಲವರು ಅವನ ಹಿಂದೆ ಹೋದರು. ಮಗ್ಗದ ಮನೆಯಲ್ಲಿ ಬೇರೆ ಸಭೆ ಶುರುವಾಯಿತು. ಗ್ರಂಥವಿಲ್ಲವಲ್ಲ ಎಂದು ಯಾರೋ ಕೊರಗಿದರು. ನೇಕಾರ ಎದೆ ಮುಟ್ಟಿ ತೋರಿಸಿದ. “ಸುಟ್ಟದ್ದು ಬರೀ ಕಾಗದ. ಗ್ರಂಥ ಇಲ್ಲಿದೆ. ಯಾವ ಅಧ್ಯಾಯ ಬೇಕು, ಕೇಳಿ.” ಅವರು ಕೇಳಿದರು. ಅವನು ಹೇಳಿದ. ಒಂದು ಮಾತೂ ತಪ್ಪಲಿಲ್ಲ.

ಕರ್ತನ ಭೋಜನದ ದಿನ ಬಂತು. ಯೋಗ್ಯತೆಯಿಲ್ಲದೆ ಈ ರೊಟ್ಟಿ ತಿಂದವನು ತನ್ನ ತಲೆಯ ಮೇಲೆ ತೀರ್ಪು ತಂದುಕೊಳ್ಳುತ್ತಾನೆಂದು ಅಪೊಸ್ತಲನು ಎಚ್ಚರಿಸಿದ್ದನ್ನು ನೇಕಾರ ನೆನಪಿಸಿದ. ಆದ್ದರಿಂದ ಮೊದಲು ವಿಚಾರಣೆ, ಆಮೇಲೆ ರೊಟ್ಟಿ ಎಂದ. ಸಭೆಯಲ್ಲಿ ಒಬ್ಬ ಎಣ್ಣೆಯ ವ್ಯಾಪಾರಿ ಇದ್ದ. ಬಾಯಿ ಚುರುಕು. “ಅಣ್ಣಾ, ಪ್ರತಿಯೊಬ್ಬನು ತನ್ನನ್ನು ತಾನು ನೋಡಿಕೊಳ್ಳಲಿ ಎಂದೂ ಅವನೇ ಹೇಳಿದ್ದಾನೆ ಎಂದು ನೀನೇ ಕಲಿಸಿದ್ದೆ. ಪಕ್ಕದವನನ್ನು ನೋಡು ಅಂತ ಎಲ್ಲಿದೆ?” ಎಂದ.

“ಒಂದು ಎಳೆ ಹೋದರೆ ಸೀರೆಯೇ ಹೋಯಿತು. ನೇಯುವವನು ಎಲ್ಲ ಎಳೆಯನ್ನೂ ನೋಡಬೇಕು” ಎಂದ ನೇಕಾರ. ನೋಡಿದ. ಗ್ರಂಥ ಸುಟ್ಟ ದಿನವೇ ವ್ಯಾಪಾರಿ ದೊರೆಯ ಆಳುಗಳಿಗೆ ದೀಪದ ಎಣ್ಣೆ ಅಳೆದು ಕೊಟ್ಟಿದ್ದು ಹೊರಗೆ ಬಂತು.

ವ್ಯಾಪಾರಿ ಹೆಗಲ ಮೇಲಿನ ವಸ್ತ್ರ ಕೊಡವಿ ಎದ್ದ. “ಸ್ವರ್ಗ ಇಷ್ಟು ಇಕ್ಕಟ್ಟಾದ ಜಾಗ ಅಂತ ಗೊತ್ತಿರಲಿಲ್ಲ, ಅಣ್ಣಾ. ನಾನು ಬರುತ್ತೇನೆ. ನೀನಾದರೂ ಅಲ್ಲಿ ಕಾಲು ಚಾಚಿಕೊಂಡು ಮಲಗು.”

ಆಮೇಲೆ ಒಬ್ಬ ಕುಂಬಾರನ ಸರದಿ. ಅವನ ಕೂಸಿಗೆ ದೀಕ್ಷಾಸ್ನಾನ ಕೊಟ್ಟವನು ಆ ಬೋಧಕ, ಅದೂ ಗ್ರಂಥ ಒಪ್ಪಿಸಿದ ಮೇಲೆ. ಆ ಕೈ ಹಾಕಿದ ನೀರು ನೀರೇ ಅಲ್ಲ, ಕೂಸನ್ನು ತಂದು ಕೆರೆಯಲ್ಲಿ ಮುಳುಗಿಸಿ ಇನ್ನೊಮ್ಮೆ ಮಾಡಿಸು ಎಂದ ನೇಕಾರ.

“ಕೂಸಿಗೆ ಮೊದಲೇ ನೆಗಡಿ, ಅಣ್ಣಾ. ಒಂದು ಸಲ ಒದ್ದೆಯಾದದ್ದು ದೇವರಿಗೆ ಸಾಲದೇ?”

“ಹಸಿ ಮಡಕೆಯನ್ನು ಸುಡದೆ ಮಾರುತ್ತೀಯಾ ನೀನು?”

“ಸುಟ್ಟದ್ದನ್ನು ಮತ್ತೆ ಆವಿಗೆಗೆ ಇಡುವುದಿಲ್ಲ. ಇಟ್ಟರೆ ಸೀಳುತ್ತದೆ” ಎಂದು ಕುಂಬಾರ ಕೂಸನ್ನು ಹೆಗಲಿಗೆ ಹಾಕಿಕೊಂಡು ಹೊರಟ.

ಹೀಗೆ ಒಬ್ಬೊಬ್ಬರೇ ಹೋದರು. ಬೋಧಕ ಕಾಯಿಲೆ ಬಿದ್ದಾಗ ಗಂಜಿ ಕಳಿಸಿದವಳು ಹೋದಳು. ಆಳುಗಳು ಬಂದಾಗ ಹೊಲದ ಕಡೆ ಓಡಿದವರು ಹೋದರು. ಓಡಿದವರನ್ನು ಕ್ಷಮಿಸೋಣ ಎಂದವರೂ ಹೋದರು. ನೇಕಾರ ಯಾರ ಮೇಲೂ ಸುಳ್ಳು ಹೊರಿಸಲಿಲ್ಲ. ಹೇಳಿದ್ದೆಲ್ಲ ನಿಜವೇ ಆಗಿತ್ತು.

ಕೊನೆಗೆ ಉಳಿದವಳು ಅವನ ಹೆಂಡತಿ. ಅವಳು ಲಾಳಿಗೆ ಬೇಕಾದ ನೂಲಿನ ಕಂಡಿಕೆ ಸುತ್ತುತ್ತಾ ಕುಳಿತಿದ್ದಳು. ಆ ದಿನ ನೀನು ಏನು ಮಾಡುತ್ತಿದ್ದೆ ಎಂದು ಅವನು ಅವಳನ್ನೂ ಕೇಳಿದ.

“ಬಾಗಿಲ ಹಿಂದೆ ನಿಂತು ಬೇಡಿಕೊಳ್ಳುತ್ತಿದ್ದೆ.”

“ಏನೆಂದು?”

ಅವಳು ಕಂಡಿಕೆ ಕೆಳಗಿಟ್ಟಳು. “ಯಾರಾದರೂ ಆ ಗ್ರಂಥ ಕೊಟ್ಟುಬಿಡಲಿ ದೇವರೇ, ಇವರನ್ನು ಬಿಡಲಿ ಎಂದು. ಅಯ್ಯನವರ ಕೈ ಮಾಡಿದ್ದನ್ನು ನನ್ನ ಮನಸ್ಸು ಅದಕ್ಕೂ ಮೊದಲೇ ಮಾಡಿತ್ತು. ಬೇಕಾದರೆ ನನ್ನನ್ನೂ ಹೊರಗೆ ಹಾಕಿ. ಸಂಜೆ ಅಡುಗೆಗೆ ಮಾತ್ರ ಒಳಗೆ ಬಿಡಿ.”

ಅವನು ನಗಲಿಲ್ಲ. ಅವಳು ನಗಿಸಲು ಹೇಳಿದ್ದು ಎಂದೂ ಅವನಿಗೆ ಹೊಳೆಯಲಿಲ್ಲ. ಅವಳು ಬಡಿಸಿದ ಊಟವನ್ನು ಅವನು ಮುಂಚಿನಂತೆಯೇ ಉಣ್ಣುತ್ತಿದ್ದ. ಆದರೆ ಭಾನುವಾರ ಅವಳು ಸೆರಗು ಹೊದ್ದು ಪ್ರಾರ್ಥನೆಯ ಮನೆಗೆ ಹೋಗುತ್ತಿದ್ದಳು. ಅವನು ಮಗ್ಗದ ಮನೆಯಲ್ಲಿ ಉಳಿಯುತ್ತಿದ್ದ.

ಒಬ್ಬನೇ ಹಾಡುತ್ತಿದ್ದ. ಆ ಕಡೆಯ ಹಾಡುಗಳನ್ನು ಒಬ್ಬರು ಹೇಳಿಕೊಟ್ಟು ಉಳಿದವರು ಹಿಂದೆ ಹೇಳುವುದು ರೂಢಿ. ಅವನು ಒಂದು ಸಾಲು ಹೇಳಿ, ರೂಢಿಯಂತೆ ನಿಲ್ಲಿಸುತ್ತಿದ್ದ. ಯಾರೂ ಹಿಂದೆ ಹೇಳುತ್ತಿರಲಿಲ್ಲ. ಅಷ್ಟು ಹೊತ್ತು ಕಾದು ಮುಂದಿನ ಸಾಲಿಗೆ ಹೋಗುತ್ತಿದ್ದ. ಬೋಧಕನಂತೆ ಪ್ರಸಂಗವನ್ನೂ ಮಾಡುತ್ತಿದ್ದ. ಎದುರಿಗೆ ಹಾಸು ಹೂಡಿದ ಮಗ್ಗ. ಎಳೆಗಳೆಲ್ಲ ನೆಟ್ಟಗೆ, ಬಿಗಿಯಾಗಿ, ಒಂದೂ ತುಂಡಾಗದೆ ನಿಂತಿರುತ್ತಿದ್ದವು. ತನ್ನ ಸಭೆಯೂ ಹೀಗೇ ಎಂದು ಅವನು ಒಮ್ಮೆ ಅಂದುಕೊಂಡ. ಆಮೇಲೆ ಹಾಗೆ ಅಂದುಕೊಳ್ಳುವುದನ್ನು ಬಿಟ್ಟ.

ರೊಟ್ಟಿ ಇಲ್ಲದೆ ಅವನಿಗೆ ಇರಲಾಗಲಿಲ್ಲ. ಯಾವ ರೊಟ್ಟಿಯನ್ನು ಶುದ್ಧವಾಗಿ ಇಡಬೇಕೆಂದು ಊರನ್ನೇ ಎದುರು ಹಾಕಿಕೊಂಡನೋ, ಆ ರೊಟ್ಟಿಯನ್ನು ಅವನು ಬೋಧಕನ ಎದುರು ಅಂಗೈ ಮುಚ್ಚಿದ ದಿನದಿಂದ ತಿಂದಿರಲಿಲ್ಲ. ವಿಚಾರಣೆಯೇ ಮುಗಿಯಲಿಲ್ಲ, ಸುತ್ತು ಶುರುವಾಗಲೇ ಇಲ್ಲ. ಒಂದು ಭಾನುವಾರ ಅವನೇ ಹಿಟ್ಟು ಕಲಸಿ ತಟ್ಟಿ ರೊಟ್ಟಿ ಸುಟ್ಟ. ಪ್ರಾರ್ಥನೆ ಮಾಡಿದ. ಮುರಿಯಲು ಹೋದ. ಕೈ ತಡೆಯಿತು. ತನ್ನ ಚೂರನ್ನು ತಾನೇ ಮುರಿದುಕೊಳ್ಳಬಾರದು. ಬಲಗೈಯಿಂದ ಮುರಿದು ಎಡಗೈಗೆ ಕೊಟ್ಟರೆ? ಯಾರಿಗೆ ಯಾರು ಕೊಟ್ಟಂತಾಯಿತು? ಬೇರೆಯವರು ಹೀಗೆ ಮಾಡಿದ್ದರೆ ತಾನು ಏನು ಹೇಳುತ್ತಿದ್ದೆ ಎಂಬುದು ಅವನಿಗೆ ಗೊತ್ತಿತ್ತು. ಅಪೊಸ್ತಲನ ಮಾತಿನಂತೆ ತನ್ನನ್ನೇ ವಿಚಾರಿಸಿಕೊಂಡ. ಅಡಗಲಿಲ್ಲ, ಹೇಳಲಿಲ್ಲ, ಬಾಗಲಿಲ್ಲ. ಎಷ್ಟು ಹುಡುಕಿದರೂ ತುಂಡಾದ ಎಳೆ ಸಿಗಲಿಲ್ಲ. ರೊಟ್ಟಿ ಅಲ್ಲಿಯೇ ತಣ್ಣಗಾಯಿತು.

ಅವನು ಎದ್ದ. ಪ್ರಾರ್ಥನೆಯ ಮನೆಯ ಕಡೆ ಹೋದ. ಒಳಗೆ ಹೋಗಲು ಅಲ್ಲ. ಹೊರಗೆ ನಿಂತು ಹಾಡು ಕೇಳಿ ಬರೋಣ ಎಂದು.

ಹಾಡು ಇನ್ನೂ ಶುರುವಾಗಿರಲಿಲ್ಲ. ರೊಟ್ಟಿ ಸುತ್ತುತ್ತಿತ್ತು. ವ್ಯಾಪಾರಿ ಕುಂಬಾರನಿಗೆ ಕೊಟ್ಟ. ಕುಂಬಾರ ಗಂಜಿ ಕಳಿಸಿದವಳಿಗೆ ಕೊಟ್ಟ. ಕೊನೆಯವಳಾಗಿ ಬಾಗಿಲ ಬಳಿ ನಿಂತಿದ್ದವಳು ಅವನ ಹೆಂಡತಿ. ಅವಳು ಬೋಧಕನಿಗಾಗಿ ಒಂದು ಚೂರು ಮುರಿಯಹೋದವಳು ಹೊಸ್ತಿಲ ಆಚೆ ಅವನನ್ನು ಕಂಡಳು.

ಈಗ ಕೊನೆಯವಳು ಅವಳಲ್ಲ. ಕಟ್ಟಳೆಯಂತೆ ಕೊನೆಯವನು ಅವನು.

ಅವಳು ಚೂರನ್ನು ಮುರಿದು ಅವನ ಕಡೆ ಚಾಚಿದಳು. ಉಳಿದ ರೊಟ್ಟಿಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡಳು. ಅವಳ ಆಚೆ ಬೋಧಕ ಎರಡೂ ಅಂಗೈಗಳನ್ನು ಬರಿದಾಗಿ ಚಾಚಿ ನಿಂತಿದ್ದ. ಇಷ್ಟು ದಿನ ನೇಕಾರ ಯಾರ ಕೈಯಿಂದ ತೆಗೆದುಕೊಳ್ಳಲಿ ಎಂದೇ ಯೋಚಿಸಿದ್ದ. ಆ ಕೈಗಳಿಗೆ ತಾನು ಕೊಡಬೇಕಾದೀತು ಎಂದು ಯೋಚಿಸಿರಲಿಲ್ಲ. ಎಲ್ಲರೂ ಅಂಗೈಯಲ್ಲಿ ಚೂರು ಹಿಡಿದು ಅವನನ್ನೇ ನೋಡುತ್ತಿದ್ದರು. ಒಬ್ಬರೂ ತಿಂದಿರಲಿಲ್ಲ.

ಅವನ ಬಲಗೈ ಅರ್ಧದ ತನಕ ಎದ್ದಿತು. ಎದ್ದ ಕೈಯಲ್ಲಿ ಸೊಟ್ಟ ಬೆರಳುಗಳು ಅವನ ಕಣ್ಣಿಗೆ ಬಿದ್ದವು. ಕೈ ಕೆಳಗೆ ಇಳಿಯಿತು.

ಅವನು ಮನೆಗೆ ತಿರುಗಿದ. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತ. ಲಾಳಿ ಮುಟ್ಟಲಿಲ್ಲ. ಅವರು ತಿಂದರೆ ಹಾಡು ಕೇಳಬೇಕು. ಕಿವಿಗೊಟ್ಟು ಕುಳಿತ. ಹೊತ್ತು ನೆತ್ತಿಗೆ ಬಂತು. ಹೊತ್ತು ವಾಲಿತು. ಹಾಡು ಕೇಳಿಸಲಿಲ್ಲ. ಹೆಂಡತಿಯೂ ಮನೆಗೆ ಬರಲಿಲ್ಲ. ಅವರು ಇನ್ನೂ ಕಾಯುತ್ತಿದ್ದಾರೆ ಎಂದು ಅವನಿಗೆ ಗೊತ್ತಾಯಿತು. ಅವನು ಏಳಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯನಿಗೆ ತಡೆಯಲಾಗಲಿಲ್ಲ. “ಇದು ನ್ಯಾಯವಲ್ಲ, ಗುರುಗಳೇ. ಬೆರಳು ಮುರಿಸಿಕೊಂಡವನು ಅವನು. ಗ್ರಂಥ ಕೊಟ್ಟವನು ಇನ್ನೊಬ್ಬ. ಕೊಟ್ಟವನು ಊರಿನ ನಡುವೆ ನಿಂತಿದ್ದಾನೆ, ಕೊಡದವನು ಕುಣಿಯಲ್ಲಿ ಒಬ್ಬನೇ ಕುಳಿತಿದ್ದಾನೆ. ನೇಕಾರ ಸುಳ್ಳಾಡಲಿಲ್ಲ. ಗ್ರಂಥದ ಒಂದು ಮಾತನ್ನೂ ತಪ್ಪಾಗಿ ಹೇಳಲಿಲ್ಲ. ಅವನದು ಒಂದೇ ಒಂದು ತಪ್ಪು ತೋರಿಸಿ. ನಾನು ಈಗಲೇ ಎದ್ದು ನಮ್ಮೂರ ಸಭೆಗೆ ಹೋಗುತ್ತೇನೆ.”

“ಒಂದು ತಪ್ಪು ಇದ್ದಿದ್ದರೆ ಅವನು ಒಳಗೆ ಬರುತ್ತಿದ್ದ” ಎಂದರು ಗುರುಗಳು.