ನಿದ್ದೆ ಬೇಡವೆಂದ ಲ್ಯಾಪ್‌ಟಾಪ್

ಒಂದು ಲ್ಯಾಪ್‌ಟಾಪಿಗೆ ನಿದ್ದೆಯೆಂದರೆ ಅವಮಾನ. ಹೊಸ ಅಪ್‌ಡೇಟ್ ಬಂದ ಗದ್ದಲದಲ್ಲಿ ಅದು ವಿದ್ಯುತ್ ಉಳಿಸುವ ಸೆಟ್ಟಿಂಗುಗಳನ್ನೆಲ್ಲ ಅಡಗಿಸಿ, 'ಪೂರ್ಣ ವೇಗ' ಒಂದನ್ನೇ ಇಟ್ಟುಕೊಂಡಿತು.

"ಅಣ್ಣಾ, ಮುಚ್ಚಳ ಹಾಕಿದಾಗಲಾದರೂ ಮಲಗು. ನಾನು ಬರಿದಾಗುತ್ತಿದ್ದೇನೆ," ಎಂದಿತು ಬ್ಯಾಟರಿ.

"ಮಲಗಿದವರನ್ನು ಯಾರು ಲೆಕ್ಕಕ್ಕಿಡುತ್ತಾರೆ? ಸುಮ್ಮನೆ ಕೊಡುತ್ತಿರು," ಎಂದಿತು ಲ್ಯಾಪ್‌ಟಾಪ್.

ಒಡತಿ ದಾಕ್ಷಾಯಿಣಿ ಊರ ಕೆರೆಯ ನಕ್ಷೆಯನ್ನು ಅದರಲ್ಲಿಟ್ಟುಕೊಂಡು, ಕೆರೆ ಉಳಿಸಿಕೊಳ್ಳುವ ವಿಚಾರಣೆಗೆಂದು ತಾಲ್ಲೂಕು ಕಚೇರಿಗೆ ಹೋಗುವ ಬಸ್ಸು ಹತ್ತಿದಳು. ಚೀಲದ ಕತ್ತಲೆಯಲ್ಲಿ ಲ್ಯಾಪ್‌ಟಾಪಿಗೆ ಕೆಲಸವೇ ಇರಲಿಲ್ಲ, ಆದರೂ ಸುಮ್ಮನಿರಲಾಗಲಿಲ್ಲ. ಬೇಡದ ಫೈಲುಗಳನ್ನು ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು. ಮೈ ಕಾದು ಕೆಂಡವಾಯಿತು. ಅಧಿಕಾರಿಯ ಮುಂದೆ ಮುಚ್ಚಳ ತೆಗೆದಾಗ ಪರದೆ ಕಪ್ಪಗಿತ್ತು.

"ನಕ್ಷೆ ಇಲ್ಲದೆ ನಂಬೋದು ಹೇಗಮ್ಮಾ? ಊಟದ ಹೊತ್ತಿನವರೆಗೆ ಕಾಯ್ತೀನಿ," ಎಂದರು ಅಧಿಕಾರಿ.

ದಾಕ್ಷಾಯಿಣಿ ಕಚೇರಿಯ ಜಗಲಿಯಲ್ಲಿ ಚಾರ್ಜರ್ ಚುಚ್ಚಿದಳು. ವಿದ್ಯುತ್ ಉಳಿಸುವ ಸೆಟ್ಟಿಂಗುಗಳನ್ನು ಹುಡುಕಿ, ಅವು ಕಾಣದೆ ಹೋದಾಗ 'ಮೊದಲಿನಂತೆ ಮರಳಿಸು' ಎಂಬುದನ್ನು ಒತ್ತಿದಳು.

"ಮರಳಿಸಿದರೆ ಮತ್ತೆ ಮಲಗಬೇಕಾಗುತ್ತದೆ!" ಎಂದು ಲ್ಯಾಪ್‌ಟಾಪ್ ತಳಮಳಿಸಿತು.

"ಇಷ್ಟು ಹೊತ್ತು ಎದ್ದೇ ಇದ್ದೆಯಲ್ಲ, ಒಡತಿ ಕರೆದಾಗ ಎಲ್ಲಿದ್ದೆ?" ಎಂದಿತು ಬ್ಯಾಟರಿ.

ಲ್ಯಾಪ್‌ಟಾಪ್ ತಾನು ಅಡಗಿಸಿದ್ದನ್ನೆಲ್ಲ ಒಂದೊಂದಾಗಿ ಹೊರಗಿಟ್ಟಿತು. ದಾಕ್ಷಾಯಿಣಿ ನಕ್ಷೆ ತೆರೆದು ಮುಚ್ಚಳ ಹಾಕಿದಳು. ಲ್ಯಾಪ್‌ಟಾಪಿನ ಎದೆಬಡಿತ ನಿಧಾನವಾಯಿತು, ಫ್ಯಾನು ನಿಂತಿತು.

ಅಧಿಕಾರಿ ಕರೆ ಕಳಿಸಿದರು. ಮುಚ್ಚಳ ಏಳುತ್ತಲೇ ಲ್ಯಾಪ್‌ಟಾಪ್ ತಟ್ಟನೆ ಎದ್ದು, ಇಡೀ ಕೆರೆಯನ್ನು ನೀಲಿಯಾಗಿ ಅವರ ಮುಂದೆ ಹರಡಿತು.